ಯೂ ಮರದ ತೊಟ್ಟಿಲು

ಮರದ ತುಂಡುಗಳು ಪಿಕಪ್‌ನಿಂದ ಇಳಿದ ಕೂಡಲೇ ನಮ್ಮ ಆಚಾರ್ರು ಅವುಗಳಿಗೆ ಮೂಗು ತಾಗಿಸಿ ನೋಡಿದರು. ಆಮೇಲೆ ಉಳಿಯಿಂದ ಒಂದು ಚೂರು ಎಬ್ಬಿಸಿ ಬಾಯಿಗೆ ಹಾಕಿಕೊಂಡರು.

ಆಚಾರ್ರು ಎಂದರೆ ಒಮಾನ್ ದೇಶದ ನಿಜ್ವಾ ಪಟ್ಟಣದ ಕೈಗಾರಿಕಾ ವಸಾಹತಿನಲ್ಲಿರುವ ನಮ್ಮ ಮರಗೆಲಸದ ಕಾರ್ಖಾನೆಯ ದೊಡ್ಡ ಮೇಸ್ತ್ರಿ. ಉಡುಪಿ ಕಡೆಯವರು. ಹೊಸ ಮರ ಬಂದರೆ ಅದರ ರುಚಿ ನೋಡದೆ ಉಳಿ ಮುಟ್ಟುವವರಲ್ಲ. ಹಲಸು ಸಿಹಿ, ಬೇವು ಕಹಿ, ತೇಗ ನಾಲಿಗೆಗೆ ಎಣ್ಣೆ ಸವರಿದ ಹಾಗೆ, ಎಂದು ಅವರ ಲೆಕ್ಕಾಚಾರ. ಮರವಿಜ್ಞಾನ ಓದಿ, ಭೂತಗನ್ನಡಿ ಹಿಡಿದು ಮರದ ಜಾತಿ ಹೇಳುವ ನನಗೆ ಇದು ತಮಾಷೆ. "ಆಚಾರ್ರೇ, ಉಪ್ಪು ಬೇಕಾ?" ಎಂದು ರೇಗಿಸುತ್ತಿದ್ದೆ. ಅವರೂ ಬಿಡುತ್ತಿರಲಿಲ್ಲ. "ನಿಮ್ಮ ಕನ್ನಡಿಗೆ ಕರೆಂಟ್ ಲೈಟ್ ಬೇಕು ಮೇಡಂ, ನನ್ನ ನಾಲಿಗೆಗೆ ಎಂತದೂ ಬೇಡ."

ಈ ಸಲ ಇಬ್ಬರಿಗೂ ಕೆಲಸವಿರಲಿಲ್ಲ, ಮರದ ಹೆಸರು ತಂದವರಿಗೇ ಗೊತ್ತಿತ್ತು. ಅವರು ಊರಿನವರೆಲ್ಲ ಉಸ್ತಾದ್ ಎಂದು ಕರೆಯುವ ನಿವೃತ್ತ ಶಿಕ್ಷಕರು. ಹರೆಯದಲ್ಲಿ ತರಬೇತಿಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ಒಬ್ಬ ವಿಧವೆಯ ಮನೆಯಲ್ಲಿ ಬಾಡಿಗೆಗಿದ್ದರಂತೆ. ಆ ಮನೆಯ ಹಿತ್ತಲಿನಲ್ಲಿ ಒಂದು ಮುದಿ ಯೂ ಮರ. ಮನೆಯ ನೆನಪು ಕಾಡಿದಾಗೆಲ್ಲ ಅದರ ಹತ್ತಿರದ ಬೆಂಚಿನ ಮೇಲೆ ಕೂತಿರುತ್ತಿದ್ದರಂತೆ. ಆ ಮರ ಈಚೆಗೆ ಗಾಳಿಗೆ ಉರುಳಿತ್ತು. ವಿಧವೆಯ ಮಗ ಕಾಂಡವನ್ನು ಕೊಯ್ಸಿ, ಮಸ್ಕತ್‌ಗೆ ಮನೆ ಬದಲಿಸುತ್ತಿದ್ದ ಪರಿಚಯದವರ ಸಾಮಾನಿನೊಂದಿಗೆ ಕೆಲವು ಹಲಗೆಗಳನ್ನು ಕಳಿಸಿದ್ದ.

"ನನ್ನ ಮಗಳಿಗೆ ಮದುವೆಯಾಗಿ ಎಷ್ಟೋ ವರ್ಷಕ್ಕೆ ದೇವರು ಕಣ್ಣು ಬಿಟ್ಟಿದ್ದಾನೆ," ಎಂದರು ಉಸ್ತಾದ್. "ಹೆರಿಗೆಗೆ ಮುಂಚೆ ನನಗೊಂದು ತೊಟ್ಟಿಲು ಬೇಕು. ಈ ಮರದ್ದೇ ಆಗಬೇಕು."

ಕಾರ್ಖಾನೆಯ ಒಡೆಯ, ನಮ್ಮ ಅರ್ಬಾಬ್, ಎದೆ ಮುಟ್ಟಿಕೊಂಡು ಮಾತು ಕೊಟ್ಟರು. ಚಿಕ್ಕಂದಿನಲ್ಲಿ ಅವರಿಗೆ ಇಂಗ್ಲಿಷ್ ಕಲಿಸಿದವರೇ ಈ ಉಸ್ತಾದ್. ಗುಣಮಟ್ಟ ನೋಡುವುದು ನನ್ನ ಕೆಲಸ. ಎಂಥ ಸಾಮಾನಾದರೂ ನನ್ನ ಒಪ್ಪಿಗೆಯಿಲ್ಲದೆ ಗೇಟು ದಾಟುವ ಹಾಗಿಲ್ಲ. ಹೀಗಾಗಿ ತೊಟ್ಟಿಲು ನನ್ನ ಪಾಲಿಗೂ ಬಂತು.

ಯೂ ಮರವನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕೈಯಾರೆ ಮುಟ್ಟಿದ್ದು ಅದೇ ಮೊದಲು. ಸೂಚಿಪರ್ಣಿ ಮರಗಳೆಲ್ಲ ಮೆದು ಎಂದುಕೊಂಡಿದ್ದವರಿಗೆ ಇದು ಅಚ್ಚರಿಯೇ. ತಿರುಳು ಕಿತ್ತಳೆ ಬೆರೆತ ಕೆಂಪು, ಅದರ ಹೊರಗೆ ಕೆನೆಬಣ್ಣದ ತೆಳು ಪಟ್ಟಿ. ಒತ್ತಿದರೆ ತಿರುಳು ತಡೆದುಕೊಳ್ಳುತ್ತದೆ, ಎಳೆದರೆ ಹೊರಪಟ್ಟಿ ತಡೆದುಕೊಳ್ಳುತ್ತದೆ. ಎರಡೂ ಒಂದೇ ಹಲಗೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವುದರಿಂದಲೇ ಆ ದೇಶದವರು ಇದರಿಂದ ಬಿಲ್ಲು ಮಾಡುತ್ತಿದ್ದರು. ತಂತಿವಾದ್ಯಗಳ ಬೆನ್ನಿಗೂ ಬಳಸುತ್ತಾರೆ. ಇಷ್ಟು ಚೆನ್ನಾಗಿ ಬಾಗುವ ಮರ ತೊಟ್ಟಿಲಿಗೆ ಹೇಳಿಮಾಡಿಸಿದ್ದು ಎಂದು ನನಗೂ ಅನ್ನಿಸಿತ್ತು.

ಮೊದಲ ಪೆಟ್ಟು ಕೊಟ್ಟದ್ದು ನಿಜ್ವಾ ಊರಿನ ಒಣ ಹವೆ. ಹಲಗೆಗಳು ಪೂರ್ತಿ ಒಣಗಿರಲಿಲ್ಲ. ಶೆಡ್ಡಿನಲ್ಲಿಟ್ಟ ಮಾರನೆಯ ದಿನವೇ ತುದಿಗಳಲ್ಲಿ ಕೂದಲೆಳೆಯಂಥ ಬಿರುಕು ಮೂಡಿತು. ತೇವದ ಮನೆಯಲ್ಲಿ ಬೆಳೆದವನನ್ನು ತಂದು ಬಾಣಲೆಗೆ ಹಾಕಿದ ಹಾಗೆ. ತುದಿಗಳಿಗೆ ಮೇಣ ಬಳಿದು, ಹಲಗೆಗಳ ನಡುವೆ ಕಡ್ಡಿ ಕೊಟ್ಟು ಅಡುಕಿ, ಮೇಲೆ ಒದ್ದೆ ಗೋಣಿ ಹೊದಿಸಿ, ಗೋಣಿಯ ತೇವವನ್ನು ದಿನದಿಂದ ದಿನಕ್ಕೆ ಕಡಿಮೆ ಮಾಡುತ್ತ ಬಂದೆ. ತೇವ ಅಳೆಯುವ ಮೀಟರು ಒಪ್ಪುವವರೆಗೆ ಆಚಾರ್ರಿಗೆ ಗರಗಸ ಮುಟ್ಟಲು ಬಿಡಲಿಲ್ಲ. "ಬಾಣಂತಿಗಿಂತ ಹೆಚ್ಚು ಆರೈಕೆ ಆಯ್ತು ಇದಕ್ಕೆ," ಎಂದು ಅವರು ಗೊಣಗಿದರು.

ಕೊಯ್ಯಲು ಶುರುವಾದ ವಾರವೇ ಮೇಕೆಯವನು ಬಂದ. ನಮ್ಮ ಕಾರ್ಖಾನೆಯ ಹೊಟ್ಟನ್ನು ಪಕ್ಕದ ಹಳ್ಳಿಯ ಮೇಕೆ ಸಾಕುವವನೊಬ್ಬ ಗೋಣಿ ತುಂಬಿ ಒಯ್ಯುತ್ತಾನೆ, ಕೊಟ್ಟಿಗೆಯಲ್ಲಿ ಹಾಸಲು. ಬದಲಿಗೆ ಆಗಾಗ ಖರ್ಜೂರ ತಂದುಕೊಡುವುದು ಪದ್ಧತಿ. ಆ ವಾರದ ಗೋಣಿಗಳನ್ನು ನಾನು ತಡೆದೆ. ಯೂ ಮರದ ಎಲೆ ತಿಂದು ದನಕುದುರೆಗಳು ನಿಂತಲ್ಲೇ ಬಿದ್ದು ಸಾಯುವ ಸಂಗತಿ ಪುಸ್ತಕದಲ್ಲಿತ್ತು. ಹೊಟ್ಟನ್ನು ಹಾಸಬಾರದು ಎಂದೂ ಇತ್ತು. ಅವನಿಗೆ ಅರ್ಥವಾಗುವಂತೆ ಹೇಳಿ, ಬೇರೆ ಮರದ ಹೊಟ್ಟು ಕೊಟ್ಟು ಕಳಿಸಿ, ಯೂ ಹೊಟ್ಟನ್ನು ಬೇರೆ ಚೀಲದಲ್ಲಿ ಕಟ್ಟಿ ಹೂಳಿಸಿದೆ. ಕೆಲಸದವರಿಗೆಲ್ಲ ಮಾಸ್ಕ್ ಹಂಚಿದೆ. ಎಲ್ಲವನ್ನೂ ಸರಿಯಾಗಿ ಮಾಡಿದ ಸಮಾಧಾನ ನನಗಿತ್ತು.

ಕೆಲಸ ಸುಲಭವಿರಲಿಲ್ಲ. ಮರದ ತುಂಬ ಸಣ್ಣ ಸಣ್ಣ ಗಂಟು, ಎಳೆ ಎತ್ತೆತ್ತಲೋ ತಿರುಗಿತ್ತು. ಪ್ಲೇನರ್ ಯಂತ್ರಕ್ಕೆ ಕೊಟ್ಟರೆ ಗಂಟಿನ ಸುತ್ತ ಚಕ್ಕೆ ಎದ್ದು ಬರುತ್ತಿತ್ತು. ಒಂದು ಒಳ್ಳೆಯ ಹಲಗೆ ಹಾಗೇ ಹಾಳಾದ ಮೇಲೆ ಆಚಾರ್ರು ಯಂತ್ರ ನಿಲ್ಲಿಸಿ ಉಕ್ಕಿನ ತಗಡಿನಿಂದ ಕೈಯಲ್ಲೇ ಕೆರೆದು ನುಣುಪು ಮಾಡಿದರು. ಕಮಾನಿನ ಪಟ್ಟಿಗಳನ್ನು ಹಬೆಯಲ್ಲಿ ಬೇಯಿಸಿ ಅಚ್ಚಿಗೆ ಬಾಗಿಸಿದೆವು. ಮರದಲ್ಲಿ ಎಣ್ಣೆಯಂಶವಿದ್ದುದರಿಂದ ಮೊದಲ ಸಲ ಅಂಟು ಹಿಡಿಯಲಿಲ್ಲ. ಕೀಲುಗಳನ್ನು ಬಿಚ್ಚಿ, ಸ್ಪಿರಿಟ್ಟಿನಿಂದ ಒರೆಸಿ, ಎಣ್ಣೆ ಮತ್ತೆ ಒಸರುವ ಮುನ್ನ ಅಂಟು ಹಾಕಬೇಕಾಯಿತು. ಕಡೆಗೂ ತೊಟ್ಟಿಲು ಎದ್ದು ನಿಂತಾಗ ಪಕ್ಕದ ಗ್ಯಾರೇಜಿನವರೂ ಬಂದು ನೋಡಿದರು. ಕೆಂಪು ತಿರುಳು ಕೆಳಗೆ, ಕೆನೆಪಟ್ಟಿ ಮೇಲಂಚಿಗೆ ಬರುವಂತೆ ಆಚಾರ್ರು ಪ್ರತಿ ಹಲಗೆಯನ್ನೂ ಆಯ್ದು ಕೂರಿಸಿದ್ದರು. ನನ್ನ ನೌಕರಿಯಲ್ಲಿ ಅದಕ್ಕಿಂತ ಚೆಂದದ ಸಾಮಾನನ್ನು ನಾನು ನೋಡಿಲ್ಲ. ಹೊಳಪಿನ ಲ್ಯಾಕರ್ ಬಳಿಯುವುದೊಂದೇ ಬಾಕಿ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತ ಆಚಾರ್ರು ತಟ್ಟೆ ಮುಟ್ಟದೆ ಎದ್ದು ಹೋಗಿ ವಾಂತಿ ಮಾಡಿಕೊಂಡರು. ಬಿಸಿಲಿಗೆ ಇರಬೇಕು ಎಂದುಕೊಂಡು ಮಜ್ಜಿಗೆ ಕೊಟ್ಟೆವು. ಸ್ವಲ್ಪ ಹೊತ್ತಿಗೆ ತಲೆ ಸುತ್ತುತ್ತಿದೆ ಎಂದು ನೆಲಕ್ಕೆ ಕೂತರು. ಕೈ ಹಿಡಿದು ನೋಡಿದರೆ ನಾಡಿ ತೀರಾ ನಿಧಾನ, ನಡುನಡುವೆ ಹುಡುಕಬೇಕಾಗುವಷ್ಟು. ಅರ್ಬಾಬ್ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಹೊರಟರು, ಹಿಂದಿನ ಸೀಟಿನಲ್ಲಿ ಆಚಾರ್ರ ಜೊತೆ ನಾನು.

ಎಮರ್ಜೆನ್ಸಿಯ ಡಾಕ್ಟರ್ ಎದೆಗೆ ತಂತಿಗಳನ್ನು ಅಂಟಿಸುತ್ತ, ಏನು ತಿಂದಿರಿ ಎಂದು ಕೇಳಿದರು. ಆಚಾರ್ರು ಬೆಳಗಿನ ತಿಂಡಿಯ ಹೆಸರು ಹೇಳಿದರು. ಬೇರೇನಾದರೂ? ಆಚಾರ್ರು ನನ್ನ ಮುಖ ನೋಡಿದರು. ನೋಡಿದ ರೀತಿಯಿಂದಲೇ ನನಗೆ ತಿಳಿಯಿತು.

"ಮಾಸ್ಕ್ ಕೊಟ್ಟಿದ್ದೆನಲ್ಲ ಆಚಾರ್ರೇ!"

"ಮಾಸ್ಕ್ ಮೂಗಿಗೆ ಅಲ್ವಾ ಮೇಡಂ," ಎಂದರು ಸಣ್ಣ ದನಿಯಲ್ಲಿ. "ಬಾಯಿಗೆ ಎಂತ ಮಾಡುದು?"

ವಿಷಯ ಇಷ್ಟು. ಊರಲ್ಲಿದ್ದಾಗ ಆಚಾರ್ರಿಗೆ ಎಲೆಅಡಿಕೆ ಬಾಯಿಂದ ಇಳಿಯುತ್ತಿರಲಿಲ್ಲ. ಇಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಕೆಲಸ ಮಾಡುವಾಗ ದವಡೆಯಲ್ಲಿ ಒಂದು ಮರದ ಚಕ್ಕೆ ಒತ್ತಿಕೊಂಡಿರುವುದು ರೂಢಿಯಾಗಿತ್ತು. ಮಿಕ್ಕಿದ್ದ ಹಲಗೆಯೊಂದರ ಅಂಚಿನಲ್ಲಿ ತೊಗಟೆ ಹಾಗೇ ಉಳಿದಿತ್ತು. ಅದನ್ನು ಸುಲಿದಾಗ ಒಳಗಿನ ನಾರು ಕಹಿಯಾಗಿತ್ತಂತೆ. "ಕಹಿ ಹೊಟ್ಟೆಗೆ ಒಳ್ಳೇದಲ್ವಾ ಅಂತ" ಬೆಳಗಿನಿಂದ ಅದನ್ನೇ ಅಗಿದು ರಸ ನುಂಗಿದ್ದರು. ನಾನು ಮರದ ಹೆಸರು ಹೇಳಿದೆ. ಡಾಕ್ಟರ್ ಫೋನಿನಲ್ಲಿ ಏನೋ ಓದಿದರು, ಓದುತ್ತ ಓದುತ್ತ ಮುಖ ಬಿಗಿಯಾಯಿತು. ಯೂ ಗಿಡದ ವಿಷ ನೇರ ಹೃದಯಕ್ಕೆ ತಾಗುತ್ತದಂತೆ. ಇದರಿಂದಲೇ ಹೀಗಾಯಿತೇ ಎಂದು ಕೇಳಿದರೆ ಅವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಹಾಸಿಗೆಯಲ್ಲೇ ಇರಿಸಿಕೊಂಡು ಹೃದಯದ ಬಡಿತ ನೋಡುತ್ತಿದ್ದರು. ಅದು ತಾನಾಗಿ ಹದಕ್ಕೆ ಬಂದ ಮೇಲೆ ಕಳಿಸಿಕೊಟ್ಟರು. ಆಚಾರ್ರು ಬದುಕಿದರಲ್ಲ ಎಂದು ನನಗೆ ಅಳುವೇ ಬಂತು.

ಆಸ್ಪತ್ರೆಯಿಂದ ಆಚಾರ್ರು ಬಂದ ಸಂಜೆ ನಮ್ಮ ಮನೆಯಲ್ಲಿ ನನ್ನ ಮಗಳು ಹೋಮ್‌ವರ್ಕ್ ಮಾಡುತ್ತ ಪೆನ್ಸಿಲಿನ ತುದಿ ಕಚ್ಚುತ್ತಿದ್ದಳು. ದಿನಾ ಕಾಣುವ ದೃಶ್ಯವೇ. ಅಂದು ಮಾತ್ರ ನಾನು ಕಿರುಚಿಬಿಟ್ಟೆ.

"ಏನಾಯ್ತಮ್ಮಾ? ಇಟ್ಸ್ ಜಸ್ಟ್ ವುಡ್!" ಎಂದಳು.

ಪೆನ್ಸಿಲಿನ ತುದಿಯಲ್ಲಿ ಬಣ್ಣ ಹೋಗಿ ಹಲ್ಲಿನ ಗುರುತು ಬಿದ್ದಿತ್ತು. ಅದನ್ನು ಕೈಯಲ್ಲಿ ಹಿಡಿದವಳಿಗೆ ತೊಟ್ಟಿಲಿನ ಮೇಲಂಚು ನೆನಪಾಯಿತು, ಕೂಸು ಎದ್ದು ಕೂತರೆ ಸರಿಯಾಗಿ ಬಾಯಿಯ ಎತ್ತರಕ್ಕೆ ಬರುವ ಅಂಚು. ಮೇಕೆಗೆ ಬೇಡವೆಂದು ಹೊಟ್ಟನ್ನು ಹೂಳಿಸಿದವಳು ನಾನೇ. ಅದೇ ಮರದ ತೊಟ್ಟಿಲನ್ನು ಹಸುಗೂಸಿಗೆಂದು ದಿನಾ ಸವರಿ ನೋಡುತ್ತಿದ್ದವಳೂ ನಾನೇ. ಕಾರ್ಖಾನೆಯಲ್ಲಿ ಅಷ್ಟು ಜನ ಇದ್ದೆವು, ಮನೆಯಲ್ಲಿ ಮಕ್ಕಳಿಲ್ಲದವರು ಒಬ್ಬರೂ ಇರಲಿಲ್ಲ, ಆದರೂ ಯಾರಿಗೂ ಹೊಳೆಯಲಿಲ್ಲ.

ಮರುದಿನ ಅರ್ಬಾಬ್ ಕೋಣೆಯಲ್ಲಿ ಲ್ಯಾಕರ್ ಬಳಿಯುವುದು ಬೇಡ ಎಂದೆ.

"ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ ಮುಹಂದಿಸಾ," ಎಂದರು ಅವರು. ಇಂಜಿನಿಯರಮ್ಮ ಎಂದು ನನ್ನನ್ನು ಕರೆಯುವುದು ಹಾಗೆ. "ಎರಡರ ಬದಲು ಮೂರು ಕೋಟ್ ಬಳಿಯೋಣ. ಗಾಜಿನ ಹಾಗೆ ಕೂರುತ್ತದೆ. ಮರ ತಂದವರು ಉಸ್ತಾದ್, ಕೇಳಿದವರು ಉಸ್ತಾದ್. ನನ್ನ ಗುರುವಿನ ಮುಂದೆ ಹೋಗಿ ನಿಮ್ಮ ಮರ ವಿಷ ಎನ್ನಲೇ?"

ಆಚಾರ್ರು ನನ್ನ ಕಡೆ ನಿಲ್ಲುತ್ತಾರೆ ಎಂದುಕೊಂಡಿದ್ದೆ. ಅವರು ಇನ್ನೂ ಸೋತ ಮುಖದಲ್ಲೇ ಇದ್ದರು, ಆದರೆ ಮಾತು ಗಟ್ಟಿಯಿತ್ತು. "ನಾನು ತಿಂದದ್ದು ತೊಗಟೆ ಮೇಡಂ. ತೊಟ್ಟಿಲಲ್ಲಿ ತೊಗಟೆ ಎಲ್ಲುಂಟು? ನೀವು ಸುಮ್ಮನೆ ಹೆದರುದು. ಇಂಥ ಕೆಲಸ ಇನ್ನೊಂದು ಸಲ ನನ್ನ ಕೈಯಿಂದ ಆಗ್ಲಿಕ್ಕಿಲ್ಲ."

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಎರಡು ದಿನ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಎಲೆ, ಬೀಜ, ತೊಗಟೆಯ ವಿಷದ ಬಗ್ಗೆ ಬೇಕಾದಷ್ಟಿತ್ತು. ಒಣಗಿದ ಮರದಲ್ಲಿ ಕಡಿಮೆ ಎಂದಿತ್ತು. ಎಷ್ಟು ಕಡಿಮೆ, ಒಂದು ಕೂಸು ದಿನಾ ಕಚ್ಚಿದರೆ ಏನಾದೀತು, ಇದನ್ನು ನನಗೆ ಖಚಿತವಾಗಿ ಹೇಳುವವರು ಸಿಗಲಿಲ್ಲ. ಯೂ ತೊಟ್ಟಿಲಿನಿಂದ ಮಗುವಿಗೆ ತೊಂದರೆಯಾಯಿತು ಎಂಬ ಒಂದು ಸುದ್ದಿಯೂ ನನ್ನ ಕಣ್ಣಿಗೆ ಬೀಳಲಿಲ್ಲ. ಗೊತ್ತಿಲ್ಲ ಎನ್ನುವುದು ಸುಲಭ. ಗೊತ್ತಿಲ್ಲ ಎಂಬುದನ್ನೇ ಮುಂದಿಟ್ಟುಕೊಂಡು ಒಬ್ಬರ ಆಸೆಯನ್ನೂ ಇನ್ನೊಬ್ಬರ ಕೈಕೆಲಸವನ್ನೂ ಮುರಿಯುವುದು ಸುಲಭವಲ್ಲ. ಮೇಕೆಗಳ ವಿಷಯದಲ್ಲಿ ಇಷ್ಟೆಲ್ಲ ಪುರಾವೆ ಕೇಳಿರಲಿಲ್ಲವಲ್ಲ ಎಂಬುದು ಮಾತ್ರ ಚುಚ್ಚುತ್ತಿತ್ತು. ಮೂರನೆಯ ದಿನ ಅರ್ಬಾಬ್ ಬಳಿ ಹೋಗಿ, ನಾನು ಇದಕ್ಕೆ ಒಪ್ಪಿಗೆ ಕೊಡುವುದಿಲ್ಲ, ಉಸ್ತಾದ್ ಅವರಿಗೆ ನಾನೇ ಹೇಳುತ್ತೇನೆ ಎಂದೆ. ಅವರು, "ಖಲಾಸ್, ಸಾಕು. ನೀನೇ ಹೇಳು. ನನ್ನಿಂದಾಗದು," ಎಂದರು.

ಉಸ್ತಾದ್ ಮನೆ ಬಹ್ಲಾ ಪಟ್ಟಣದ ದಾರಿಯಲ್ಲಿ, ಖರ್ಜೂರದ ತೋಟಗಳ ನಡುವಿನ ಒಂದು ಹಳ್ಳಿಯಲ್ಲಿ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬಾಯಿಪಾಠ ಮಾಡುತ್ತ ಹೋದೆ. ಹೋದ ಕೂಡಲೇ ಹೇಳಿ ಮುಗಿಸುವ ಹಾಗೆ ಇಲ್ಲಿ ಇಲ್ಲ. ಹೆಣ್ಣುಮಗಳಾದ್ದರಿಂದ ನನ್ನನ್ನು ಮೊದಲು ಒಳಮನೆಗೆ ಕರೆದೊಯ್ದರು. ಖರ್ಜೂರ, ಹಲ್ವಾ, ಕಿವಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಖಹ್ವಾ ಎಂಬ ಅರಬ್ಬೀ ಕಾಫಿ. ಸಾಕೆಂದು ಬಟ್ಟಲು ಅಲ್ಲಾಡಿಸುವವರೆಗೂ ಸುರಿಯುತ್ತಲೇ ಇರುತ್ತಾರೆ. ತುಂಬಿದ ಬಸುರಿ ಮಗಳು ಗೋಡೆಗೊರಗಿ ಕೂತು ಅಂಗೈಯಗಲದ ಬಟ್ಟೆಗಳನ್ನು ಮಡಚುತ್ತಿದ್ದಳು. ಕಿಟಕಿಯ ಪಕ್ಕದಲ್ಲಿ ಸಾಮಾನು ಸರಿಸಿ, ಗುಡಿಸಿ, ಹೊಸ ಚಾಪೆ ಹಾಸಿದ್ದರು. "ತೊಟ್ಟಿಲು ಇಲ್ಲಿ," ಎಂದು ನಕ್ಕಳು. ನಾನು ಬಟ್ಟಲು ಅಲ್ಲಾಡಿಸುವುದನ್ನು ಮರೆತು ಮತ್ತೊಮ್ಮೆ ತುಂಬಿಸಿಕೊಂಡೆ.

ಆಮೇಲೆ ಉಸ್ತಾದ್ ಅತಿಥಿಗಳು ಕೂರುವ ಮಜ್ಲಿಸ್ಸಿಗೆ ಕರೆದರು. "ಹೇಳು ಬಿಂತಿ, ಹೇಳು ಮಗಳೇ, ತೊಟ್ಟಿಲು ಬಂತೇ?"

ಬಾಯಿಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಬರುವಾಗ ವಾದಿಯ, ಅಂದರೆ ಒಣ ಹೊಳೆಯ, ಮರಳಿನ ದಂಡೆಯಲ್ಲಿ ಕಣಗಿಲೆ ಹೂ ಬಿಟ್ಟಿದ್ದನ್ನು ಕಂಡಿದ್ದೆ. ಇಲ್ಲಿ ಅದನ್ನು ಹಬನ್ ಎನ್ನುತ್ತಾರೆ.

"ಉಸ್ತಾದ್, ನಿಮ್ಮ ವಾದಿಯ ಹಬನ್ ಕಡ್ಡಿಗೆ ಮಾಂಸ ಚುಚ್ಚಿ ಸುಡುತ್ತೀರಾ?"

"ಅಸ್ತಗ್ಫಿರುಲ್ಲಾ! ಒಂಟೆ ಕೂಡ ಅದನ್ನು ಮೂಸುವುದಿಲ್ಲ. ಏಕೆ?"

"ನಿಮ್ಮ ಮರ ಆ ದೇಶದ ಹಬನ್."

ನಾನು ಆಚಾರ್ರ ಕಥೆ ಹೇಳಿದೆ, ಮೇಕೆಯವನ ಕಥೆ ಹೇಳಿದೆ, ಒಣಗಿದ ಮರದಲ್ಲಿ ವಿಷ ಕಡಿಮೆ ಎಂಬುದನ್ನೂ, ಎಷ್ಟೆಂದು ನನಗೆ ಗೊತ್ತಿಲ್ಲವೆಂಬುದನ್ನೂ ಮುಚ್ಚಿಡದೆ ಹೇಳಿದೆ. "ಏನೂ ಆಗದೆಯೂ ಇರಬಹುದು ಉಸ್ತಾದ್. ಆದರೆ ಆಗುವುದಿಲ್ಲ ಎಂದು ನಾನು ಹೇಳಲಾರೆ."

"ನೀನು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ," ಎಂದರು. ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆ ಎಂದು ಅವರಿಗೂ ತಿಳಿದಿರಲಾರದು. ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸವರುತ್ತ ಕೂತರು.

"ಆ ಮರದ ಸುತ್ತ ತಂತಿ ಬೇಲಿ ಇತ್ತು," ಎಂದರು ಆಮೇಲೆ. "ಪಕ್ಕದ ಹೊಲದಲ್ಲಿ ಕುದುರೆಗಳಿದ್ದವು. ಆ ಮನೆಯ ಅಮ್ಮ ಪ್ರತಿ ಭಾನುವಾರ ಬೇಲಿ ಸುತ್ತಿ ಬಂದು, ತಂತಿ ಸಡಿಲವಾಗಿದ್ದರೆ ಬಿಗಿ ಮಾಡುತ್ತಿದ್ದರು. ಮರವನ್ನು ಕಾಪಾಡಲು ಎಂದು ತಿಳಿದಿದ್ದೆ. ಇಷ್ಟು ವರ್ಷವೂ ಹಾಗೇ ತಿಳಿದಿದ್ದೆ."

ಅವರು ತಲೆಯೆತ್ತಿ ಮಜ್ಲಿಸ್ಸಿನ ಗೋಡೆಯ ಮೇಲ್ಭಾಗ ನೋಡಿದರು. ಗಾಳಿಗೆಂದು ಬಿಟ್ಟ ಗವಾಕ್ಷಿಯೊಂದು ಸೂರಿನ ಹತ್ತಿರ ಇತ್ತು, ಅದರಿಂದ ಬಿಸಿಲು ಒಳಗೆ ಬೀಳುತ್ತಿತ್ತು.

"ಆ ಮರದಿಂದ ಅದಕ್ಕೆ ಜಾಲರಿ ಮಾಡಿಕೊಡಿ. ಅಲ್ಲಿಗೆ ಯಾರ ಬಾಯಿಯೂ ಎಟಕುವುದಿಲ್ಲ. ಮಗಳಿಗೆ ಏನೂ ಹೇಳಬೇಡ, ತಡವಾಗುತ್ತದೆ ಎಂದು ನಾನೇ ಹೇಳುತ್ತೇನೆ. ಮಗುವಿಗೆ ಬೇರೆ ತೊಟ್ಟಿಲು ಆಗಲಿ."

ಹೊರಗೆ ಕಾರಿನವರೆಗೂ ಬಂದು ಕಳಿಸಿಕೊಟ್ಟರು. ಅಲ್ಲಿ ಮಾತ್ರ ಅವರ ಕಣ್ಣು ತೇವವಾಗಿದ್ದು ಕಾಣಿಸಿತು.

ತೊಟ್ಟಿಲನ್ನು ಒಡೆಯಲು ಬೇರೊಬ್ಬ ಕೆಲಸದವನಿಗೆ ಹೇಳಿದ್ದೆ. ಆಚಾರ್ರು ಸುತ್ತಿಗೆಯನ್ನು ಅವನ ಕೈಯಿಂದ ತೆಗೆದುಕೊಂಡರು. "ಮೇಡಂ ಒಡೆಸ್ತಾರೆ. ನಾನು ಬಿಚ್ಚುತ್ತೇನೆ," ಎಂದು ಅವನಿಗೆ ಹೇಳುವಂತೆ ನನಗೆ ಹೇಳಿ, ಕೀಲು ಕೀಲಿಗೂ ಬಿಸಿನೀರಿನ ಬಟ್ಟೆ ಸುತ್ತಿ, ಅಂಟು ಸಡಿಲಿಸಿ, ಒಂದು ಪಟ್ಟಿಯೂ ಸೀಳದಂತೆ ಬಿಚ್ಚಿಟ್ಟರು. ಆಮೇಲೆ ಬೀಚ್ ಎಂಬ ವಿದೇಶಿ ಮರದಲ್ಲಿ ಅದೇ ಅಳತೆಯ ತೊಟ್ಟಿಲು ಮಾಡಿದರು. ಬಿಳಿಚಿದ, ಗುಣವಂತ ಮರ. ಆಟಿಕೆಗಳಿಗೆ ಬಳಿಯುವ ಜಾತಿಯ ಲ್ಯಾಕರ್ ತರಿಸಿ ಮೂರು ಕೋಟ್ ಕೊಟ್ಟರು. ಕೆಲಸದಲ್ಲಿ ಒಂದು ಕೊರತೆ ಹುಡುಕಲಾಗಲಿಲ್ಲ. ಆದರೆ ಬೇಕಾದಷ್ಟೇ ಮಾತು, ರೇಗಿಸಿದರೆ ತಿರುಗಿ ರೇಗಿಸುವುದಿಲ್ಲ. ಮೇಡಂ ಹೆದರಿ ಒಳ್ಳೆಯ ತೊಟ್ಟಿಲು ಹಾಳು ಮಾಡಿದರು ಎಂದು ಅವರು ಊಟದ ಕೋಣೆಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಿತ್ತು. ಬೇಸರವಾಯಿತು. ಅವರೇ ಸರಿಯೇನೋ ಎಂಬ ಅನುಮಾನವೂ ಹೋಗಿರಲಿಲ್ಲ.

ಹೆಣ್ಣುಮಗು ಹುಟ್ಟಿತು. ಹೊಸ ತೊಟ್ಟಿಲು ಹೋಯಿತು. ಯೂ ಜಾಲರಿಗೆ ಸಮಯ ಹಿಡಿಯಿತು. ಬಾಗಿದ ಪಟ್ಟಿಗಳನ್ನು ನೇರ ಮಾಡುವ ಬದಲು ಆಚಾರ್ರು ಬಾಗಿದಂತೆಯೇ ಹೆಣೆದರು. ಬಿಸಿಲು ಇಳಿದ ತಿಂಗಳಲ್ಲಿ ಅದನ್ನು ಕೂರಿಸಲು ನಾವಿಬ್ಬರೂ ಹೋದೆವು. ಏಣಿ ಹಾಕಿ, ಗೋಡೆಗೆ ತೂತು ಕೊರೆದು, ಜಾಲರಿ ಕೂರಿಸಿ ಇಳಿದಾಗ ಕೆಂಪು ಮರದ ಸಂದಿನಿಂದ ಬೆಳಕು ಉಸ್ತಾದ್ ಮಡಿಲಿಗೆ ಬೀಳುತ್ತಿತ್ತು. ಅವರು ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಒಳಗೆ ಕೂಗಿ, ತೊಟ್ಟಿಲನ್ನು ಮಗುವಿನ ಸಮೇತ ಮಜ್ಲಿಸ್ಸಿಗೆ ತರಿಸಿದರು. "ಮಾಡಿದವರು ನೋಡಬೇಕಲ್ಲ."

ಮಗು ಎದ್ದು ಕೂರುವಷ್ಟಾಗಿತ್ತು. ಎರಡೂ ಕೈಯಿಂದ ಅಂಚು ಹಿಡಿದು, ಜೊಲ್ಲು ಸುರಿಸುತ್ತ, ನಮ್ಮನ್ನು ನೋಡುತ್ತಲೇ ಬಾಯಿ ಹಾಕಿ ಕಡಿಯತೊಡಗಿತು. "ದಿನವಿಡೀ ಇದೇ ಕೆಲಸ," ಎಂದು ಉಸ್ತಾದ್ ನಕ್ಕರು.

ಆಚಾರ್ರು ನಗಲಿಲ್ಲ. ಹತ್ತಿರ ಹೋಗಿ ಮಂಡಿಯೂರಿ ಕೂತರು. ಮಗು ಕಡಿದ ಜಾಗದಲ್ಲಿ ಲ್ಯಾಕರ್ ಇರಲಿಲ್ಲ. ಮೇಲಂಚಿನುದ್ದಕ್ಕೂ, ಆ ಕಡೆಯೂ ಈ ಕಡೆಯೂ, ಅಕ್ಕಿಕಾಳಿನಂಥ ಗುಳಿಗಳು, ಒದ್ದೆಯಾಗಿ ಎದ್ದ ನಾರು. ಅವರು ಹೆಬ್ಬೆರಳಿನಿಂದ ಆ ಗುಳಿಗಳನ್ನು ನಿಧಾನವಾಗಿ ಸವರುತ್ತ ಹೋದರು. ಕೊನೆಗೆ ನನ್ನ ಕಡೆ ತಿರುಗಿದಾಗ ಮುಖ ಬಿಳಿಚಿತ್ತು.

"ಮೂರೂ ಕೋಟ್ ದಾಟಿ ಮರದವರೆಗೂ ಹೋಗಿದೆ ಮೇಡಂ."

ಮಗು ಅವರ ಹೆಬ್ಬೆರಳನ್ನು ಹಿಡಿದು ಬಾಯಿಗೆ ಎಳೆದುಕೊಂಡಿತು.